ಯಾರ್ಕ್‌ಟೌನಿನಿಂದ ಶೃಂಗೇರಿಯವರೆಗೆ: ಅಮೆರಿಕದ ಇತಿಹಾಸ ಪಾಠವೂ ಅನೇಕಾಂತ ದೃಷ್ಟಿಯೂ

ಶೃಂಗೇರಿಯ ನೆರೆಯಲ್ಲಿರುವ ಮೆಣಸೆ ವಿದ್ಯೆಗೆ ಹೊಸದಾದ ಊರಲ್ಲ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವು ಈ ಊರಿನಲ್ಲಿಯೇ ಇದೆ. ವ್ಯಾಕರಣ, ನ್ಯಾಯ, ವೇದಾಂತಗಳನ್ನು ಅರಸಿ ದೂರದೂರದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಇದೇ ಸೀಮೆಯ ಪ್ರೌಢಶಾಲೆಯ ಮಕ್ಕಳು ಸಮಾಜವಿಜ್ಞಾನದ ಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ಓದುತ್ತಾರೆ. ಹದಿಮೂರು ವಸಾಹತುಗಳು, ಬೋಸ್ಟನ್ ಬಂದರಿನ ಚಹಾ ಪ್ರಕರಣ, 1776ರ ಜುಲೈ 4, ಜಾರ್ಜ್ ವಾಷಿಂಗ್ಟನ್: ಇಷ್ಟನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಪಾಠ ಮುಗಿಯಿತು. ಅಂಕಗಳು ಬರುತ್ತವೆ; ಆದರೆ ಆ ಪಾಠದಿಂದ ಮಗುವಿನ ಬಾಳಿಗೆ ಬಂದದ್ದೇನು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ತುಂಗಾ ತೀರದ ಅಡಿಕೆ ತೋಟದ ನಡುವೆ ಬೆಳೆಯುವ ಮಗುವಿಗೆ ಅಟ್ಲಾಂಟಿಕ್ ಸಾಗರದ ಆಚೆಯ ಕಥೆಯಿಂದ ಆಗಬೇಕಾದುದೇನು ಎಂದು ಪೋಷಕರು ಕೇಳುವುದು ಸಹಜ. ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಮೊದಲನೆಯದು, ಆ ಕಥೆ ಮೇಲುನೋಟಕ್ಕೆ ಕಾಣುವಷ್ಟು ದೂರದ್ದಲ್ಲ. ಅದರ ಒಂದು ಎಳೆ ಶೃಂಗೇರಿಯ ಬೀದಿಯವರೆಗೂ ಬಂದಿದೆ. ಎರಡನೆಯದು, ತನ್ನದಲ್ಲದ ನಾಡಿನ ಇತಿಹಾಸವನ್ನು ರಾಗದ್ವೇಷವಿಲ್ಲದೆ ಓದಲು ಕಲಿತ ಮಗು ತನ್ನ ನಾಡಿನ ಇತಿಹಾಸವನ್ನೂ ಹಾಗೆ ಓದಬಲ್ಲದು. ಜಿನಶಾಸನವು ಲೋಕಕ್ಕೆ ನೀಡಿದ ಅನೇಕಾಂತ ದೃಷ್ಟಿಗೆ ಶಾಲೆಯ ಕೊಠಡಿಯಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ದೊರೆಯುವುದು ಕಷ್ಟ.

ಚಹಾ ಪೆಟ್ಟಿಗೆಗಳ ಹಿಂದಿನ ಕಾರಣಗಳು

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ವಸಾಹತಿನ ಜನರು ಮೂರು ಹಡಗುಗಳನ್ನೇರಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಚಹಾ ಬೆಳೆದದ್ದು ಚೀನಾದಲ್ಲಿ. ಅದರ ಒಡೆತನ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯದು. ಭಾರತದಲ್ಲಿ ರಾಜ್ಯ ಕಟ್ಟುತ್ತಿದ್ದ ಕಂಪನಿಯ ಸರಕು ಅಮೆರಿಕದ ಕಡಲಿನಲ್ಲಿ ಏಕೆ ಮುಳುಗಿತು ಎಂದು ಕೇಳಿದರೆ ಪಾಠಕ್ಕೆ ಜೀವ ಬರುತ್ತದೆ.

ಮೊದಲ ಆಂಗ್ಲೋ–ಮೈಸೂರು ಯುದ್ಧ ನಡೆದದ್ದು 1767ರಿಂದ 1769ರವರೆಗೆ. ಅದರ ಕೊನೆಯಲ್ಲಿ ಹೈದರಾಲಿಯ ಕುದುರೆ ಸೈನ್ಯ ಮದರಾಸಿನ ಹೊರವಲಯವನ್ನೇ ಮುಟ್ಟಿತು. ಕಂಪನಿ ಸಂಧಿಗೆ ಒಪ್ಪಬೇಕಾಯಿತು. ಹೈದರನ ಮುನ್ನಡೆಯ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರುಗಳ ಬೆಲೆ ಕುಸಿಯಿತು. ಮರುವರ್ಷವೇ ಬಂಗಾಳದಲ್ಲಿ ಘೋರ ಕ್ಷಾಮ. 1772ರಲ್ಲಿ ಲಂಡನ್ನಿನ ಸಾಲದ ಪೇಟೆ ಮುಗ್ಗರಿಸಿತು. ಕಂಪನಿಯ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಬ್ರಿಟಿಷ್ ಸಂಸತ್ತು 1773ರಲ್ಲಿ ಚಹಾ ಕಾಯಿದೆಯನ್ನು ಮಾಡಿ, ಆ ಚಹಾವನ್ನು ನೇರವಾಗಿ ಅಮೆರಿಕದ ವಸಾಹತುಗಳಲ್ಲಿ ಮಾರಲು ಅನುಮತಿ ನೀಡಿತು. ಚಹಾ ಅಗ್ಗವಾಯಿತು, ಆದರೆ ತೆರಿಗೆ ಉಳಿಯಿತು. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ವಿಧಿಸಿದ ತೆರಿಗೆಯನ್ನು ಅಗ್ಗದ ಆಸೆಗಾಗಿ ಒಪ್ಪಿಕೊಳ್ಳುವುದಿಲ್ಲವೆಂದು ಅಲ್ಲಿನವರು ಹಠ ಹಿಡಿದರು.

ಹಾಗೆಂದು ಹೈದರಾಲಿಯಿಂದಲೇ ಅಮೆರಿಕ ಸ್ವತಂತ್ರವಾಯಿತು ಎಂದು ಮಕ್ಕಳಿಗೆ ಹೇಳಿದರೆ ಅದು ಏಕಾಂತವಾದ. ಕಂಪನಿಯ ಸಂಕಟಕ್ಕೆ ಕಾರಣಗಳು ಹಲವು. ಮೈಸೂರಿನ ಯುದ್ಧ ಅವುಗಳಲ್ಲಿ ಒಂದು. ಒಂದು ಕಾರ್ಯಕ್ಕೆ ಅನೇಕ ಕಾರಣಗಳು ಸೇರುತ್ತವೆ ಎಂಬುದನ್ನು ಜೈನ ನ್ಯಾಯಗ್ರಂಥಗಳು ಬಹು ಸೂಕ್ಷ್ಮವಾಗಿ ಚರ್ಚಿಸಿವೆ. ಅದನ್ನು ಹದಿನಾಲ್ಕರ ಹರೆಯದ ಮಗುವಿಗೆ ತಿಳಿಯುವಂತೆ ಹೇಳಲು ಈ ಚಹಾ ಪೆಟ್ಟಿಗೆಗಳು ಸಾಕು.

ಸೋತು ಬಂದ ಸೇನಾನಿ

1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ವಹಿಸಿತು. ಅಲ್ಲಿಂದ ಆ ಯುದ್ಧ ಒಂದು ಖಂಡದ ಯುದ್ಧವಾಗಿ ಉಳಿಯಲಿಲ್ಲ. ಮಲಬಾರು ತೀರದಲ್ಲಿ ಫ್ರೆಂಚರ ವಶದಲ್ಲಿದ್ದ ಮಾಹೆಯನ್ನು ಇಂಗ್ಲಿಷರು 1779ರಲ್ಲಿ ಹಿಡಿದರು. ಮಾಹೆಯ ಮೂಲಕ ಯುದ್ಧ ಸಾಮಗ್ರಿಗಳನ್ನು ಪಡೆಯುತ್ತಿದ್ದ ಹೈದರನಿಗೆ ಇದು ಸಹಿಸಲಾಗದ ಪೆಟ್ಟು. 1780ರಲ್ಲಿ ಎರಡನೆಯ ಆಂಗ್ಲೋ–ಮೈಸೂರು ಯುದ್ಧ ಆರಂಭವಾಯಿತು. ಹೈದರನ ಹೆಸರು ಅಮೆರಿಕದಲ್ಲಿಯೂ ಎಷ್ಟು ಪರಿಚಿತವಾಗಿತ್ತೆಂದರೆ, ಪೆನ್ಸಿಲ್ವೇನಿಯದ ಒಂದು ಯುದ್ಧದ ಹಡಗಿಗೆ ಆತನ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಆ ಹಡಗು ಒಂದು ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡ ಪ್ಯಾರಿಸ್ ಒಪ್ಪಂದ 1783ರ ಸೆಪ್ಟೆಂಬರ್ 3ರಂದು ಆಯಿತು. ಮೈಸೂರಿನೊಡನೆ ಮಂಗಳೂರು ಒಪ್ಪಂದ 1784ರ ಮಾರ್ಚ್ 11ರಂದು ಆಯಿತು. ಎರಡೂ ತಾರೀಖುಗಳು ಮಕ್ಕಳ ಪಠ್ಯದಲ್ಲಿ ಬರುವಂಥವು. ಆದರೆ ಬೇರೆಬೇರೆ ಪಾಠಗಳಲ್ಲಿ. ಅವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಶಿಕ್ಷಕರಿದ್ದರೆ ಲೋಕದ ಚಿತ್ರವೇ ಬದಲಾಗುತ್ತದೆ.

ಈ ಎರಡು ಪಾಠಗಳನ್ನು ಜೋಡಿಸುವ ವ್ಯಕ್ತಿ ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ರಂದು ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೂ ಫ್ರೆಂಚ್ ಸೈನ್ಯಕ್ಕೂ ಶರಣಾದ ಬ್ರಿಟಿಷ್ ಸೇನಾನಿ ಆತನೇ. ಅಸ್ವಸ್ಥನೆಂದು ಹೇಳಿ ಶರಣಾಗತಿಯ ಸಮಾರಂಭಕ್ಕೆ ಆತ ಬರಲಿಲ್ಲ. ಕೈಕೆಳಗಿನ ಅಧಿಕಾರಿಯ ಕೈಯಲ್ಲಿ ಕತ್ತಿಯನ್ನು ಕಳುಹಿಸಿದ. ಐದು ವರ್ಷಗಳ ತರುವಾಯ, 1786ರಲ್ಲಿ, ಆತ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮೂರನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದು ಆಹಾರ ಸಾಲದೆ ಹಿಂದೆಗೆದ. 1792ರಲ್ಲಿ ಮತ್ತೆ ಮುತ್ತಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಪಡೆದು, ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕೊಂಡೊಯ್ದ. ಅಮೆರಿಕದ ಪಾಠದಲ್ಲಿ ಸೋತವನು ಕನ್ನಡ ನಾಡಿನ ಪಾಠದಲ್ಲಿ ಗೆದ್ದವನು. ಒಂದೇ ಪುಟವನ್ನು ಓದಿ ಆತನನ್ನು ಅಳೆದರೆ ಆ ಅಳತೆ ಅರ್ಧ ಸತ್ಯ.

ಶೃಂಗೇರಿ ಆ ಯುದ್ಧಕ್ಕೆ ಬೆಲೆ ತೆತ್ತದ್ದು ಇದೇ 1791ರಲ್ಲಿ. ಮರಾಠರೂ ನಿಜಾಮನೂ ಕಾರ್ನ್‌ವಾಲಿಸನ ಮಿತ್ರರಾಗಿದ್ದರು. ಪರಶುರಾಮ ಭಾವೂ ಪಟವರ್ಧನನ ನಾಯಕತ್ವದಲ್ಲಿ ಬಂದ ಮರಾಠಾ ಸೈನ್ಯದ ಒಂದು ತುಕಡಿ ಶೃಂಗೇರಿಯ ಮೇಲೆ ಬಿದ್ದು ಮಠವನ್ನು ಸುಲಿಯಿತು. ಅನೇಕರು ಪ್ರಾಣ ಕಳೆದುಕೊಂಡರು. ಶಾರದಾ ದೇವಿಯ ಮೂರ್ತಿಗೂ ಅಪಚಾರವಾಯಿತು. ಆಗಿನ ಪೀಠಾಧಿಪತಿಗಳಾದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಘಟ್ಟವಿಳಿದು ಕಾರ್ಕಳಕ್ಕೆ ಹೋಗಬೇಕಾಯಿತು. 1432ರಿಂದ ಬಾಹುಬಲಿಯು ಬಂಡೆಯ ಮೇಲೆ ಕಾಯೋತ್ಸರ್ಗದಲ್ಲಿ ನಿಂತಿರುವ ಊರು ಅದು. ಸ್ವಾಮಿಗಳ ಪತ್ರಕ್ಕೆ ಓಗೊಟ್ಟ ಟಿಪ್ಪು, ಮಠದ ಪುನಃಸ್ಥಾಪನೆಗೆ ಹಣ ಧಾನ್ಯಗಳನ್ನು ಕೊಡುವಂತೆ ನಗರದ ಅಧಿಕಾರಿಗೆ ಆಜ್ಞೆ ಮಾಡಿದ. ಈ ಪತ್ರವ್ಯವಹಾರ ಕನ್ನಡದಲ್ಲಿದೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಅದನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು.

ಈ ಘಟನೆಯನ್ನು ಮಕ್ಕಳಿಗೆ ಹೇಗೆ ಹೇಳಬೇಕು? ಮರಾಠರ ಮೇಲೆ ದ್ವೇಷ ಹುಟ್ಟುವಂತೆ ಹೇಳಬಹುದು. ಟಿಪ್ಪುವನ್ನು ದೋಷವಿಲ್ಲದ ಧರ್ಮಾತ್ಮನನ್ನಾಗಿ ಮಾಡುವಂತೆಯೂ ಹೇಳಬಹುದು. ಎರಡೂ ಸುಲಭ, ಎರಡೂ ಏಕಾಂತ. ಶೃಂಗೇರಿ ಮಠಕ್ಕೆ ನೆರವಾದ ಅರಸನೇ ಕೊಡಗಿನವರನ್ನೂ ಮಂಗಳೂರಿನ ಕ್ರೈಸ್ತರನ್ನೂ ಸಾವಿರಗಟ್ಟಲೆ ಸೆರೆಯಾಗಿ ಒಯ್ದದ್ದೂ ಇತಿಹಾಸವೇ. ಸುಲಿದವರು ಶಾರದೆಯನ್ನು ಪೂಜಿಸುವ ಧರ್ಮಕ್ಕೇ ಸೇರಿದ ಸೈನ್ಯದವರು. ಅವರನ್ನು ಅಲ್ಲಿಗೆ ತಂದದ್ದು ಯುದ್ಧದ ಲೋಭ. ಪರಿಗ್ರಹದ ಆಸೆ ಏರಿದಾಗ ಮನುಷ್ಯನಿಗೆ ತನ್ನ ದೇವರ ಗುಡಿಯೂ ಕಾಣಿಸುವುದಿಲ್ಲ. ಮಗು ಈ ಪಾಠದಿಂದ ಒಯ್ಯಬೇಕಾದ ತಿಳಿವು ಇದು.

ಟಿಪ್ಪು ಆಜ್ಞೆ ಕಳುಹಿಸಿದ ನಗರವು ಇಂದಿನ ಹೊಸನಗರ ತಾಲ್ಲೂಕಿನ ಊರು. ಅಲ್ಲಿಯ ಒಂದು ಹಾಳು ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಮೈಸೂರಿನ ಸೈನ್ಯ ಬಳಸುತ್ತಿದ್ದ ಇಂತಹ ರಾಕೆಟ್ಟುಗಳನ್ನು ನೋಡಿ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಹೊಸ ರಾಕೆಟ್ಟುಗಳನ್ನು ರೂಪಿಸಿದ. 1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ನೌಕಾಪಡೆ ಅವುಗಳನ್ನು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿಸಿತು. ಅದನ್ನು ಕಣ್ಣಾರೆ ಕಂಡವನೊಬ್ಬ ಬರೆದ ಗೀತೆಯೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ಆ ರಾಕೆಟ್ಟುಗಳ ಉಲ್ಲೇಖವಿದೆ. ಮಕ್ಕಳು ಇದನ್ನು ಕೇಳಿ ಹೆಮ್ಮೆಪಡುತ್ತಾರೆ, ಪಡಲಿ. ಆದರೆ ಕೊಲ್ಲುವ ವಿದ್ಯೆ ಯಾವ ನಾಡಿನಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ, ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ ಎಂಬ ಮಾತನ್ನೂ ಶಿಕ್ಷಕರು ಜೊತೆಗೆ ಹೇಳುವುದು ಉಚಿತ.

ಸಮಾನತೆಯ ಘೋಷಣೆಯೂ ದಾಸ್ಯವೂ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವನು ಥಾಮಸ್ ಜೆಫರ್ಸನ್. ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನರು ಎಂಬ ತತ್ತ್ವವನ್ನು ಅದು ಸಾರಿತು. ಅದೇ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿದ್ದ. 1790ರ ಜನಗಣತಿಯಲ್ಲಿ ಆ ದೇಶದ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ. 1860ರ ವೇಳೆಗೆ ಅದು 40 ಲಕ್ಷದ ಹತ್ತಿರಕ್ಕೆ ಬಂದಿತ್ತು. ವಸಾಹತುಗಾರರ ಬಿಡುಗಡೆ ಆ ಭೂಮಿಯ ಮೂಲನಿವಾಸಿಗಳಿಗೆ ಬಿಡುಗಡೆಯಾಗಲಿಲ್ಲ. 1830ರ ಕಾಯಿದೆಯೊಂದರ ಆಧಾರದ ಮೇಲೆ ಅವರನ್ನು ಅವರ ನೆಲದಿಂದಲೇ ಪಶ್ಚಿಮಕ್ಕೆ ಅಟ್ಟಲಾಯಿತು.

ಇಲ್ಲಿ ಅನೇಕಾಂತವೆಂಬ ಮಾತನ್ನು ತಪ್ಪಾಗಿ ತಿಳಿಯಬಾರದು. ಒಂದು ದೃಷ್ಟಿಯಿಂದ ಗುಲಾಮಗಿರಿಯೂ ಸರಿಯಿದ್ದೀತು ಎಂದು ಹೇಳುವುದು ಸ್ಯಾದ್ವಾದವಲ್ಲ. ಹಿಂಸೆ ಎಲ್ಲ ಕಾಲದಲ್ಲಿಯೂ ಹಿಂಸೆಯೇ. ವಸ್ತುವಿನ ಎಲ್ಲ ಮುಖಗಳನ್ನೂ ನೋಡದೆ ತೀರ್ಮಾನಕ್ಕೆ ಬರಬಾರದು ಎಂಬುದಷ್ಟೇ ಅನೇಕಾಂತದ ಆಶಯ. ಜೆಫರ್ಸನ್ ಬರೆದ ವಾಕ್ಯ ದೊಡ್ಡದು; ಆತ ಬಾಳಿದ ರೀತಿ ಆ ವಾಕ್ಯಕ್ಕೆ ತಕ್ಕುದಾಗಿರಲಿಲ್ಲ. ಎರಡನ್ನೂ ಹೇಳಿದಾಗ ಪಾಠ ಪೂರ್ಣವಾಗುತ್ತದೆ. ಮುಂದೆ ಗುಲಾಮಗಿರಿಯನ್ನು ವಿರೋಧಿಸಿದವರು ಜೆಫರ್ಸನ್ನನ ವಾಕ್ಯವನ್ನೇ ಹಿಡಿದು ಹೋರಾಡಿದರು ಎಂಬುದನ್ನೂ ಮರೆಯುವಂತಿಲ್ಲ.

ಈ ದಾಸ್ಯದ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ಅದು ಧಾರವಾಡದ ಹತ್ತಿಯ ಪುಟ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರ ದುಡಿಮೆಯಿಂದ ಬರುತ್ತಿತ್ತು. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ತೋಟಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸಿತು. ಮುಂದೆ ಅದು ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂತು. ಆ ಹತ್ತಿಯನ್ನು ಸಾಗಿಸಲು ಕಾರವಾರದ ಬಂದರನ್ನು ಬೆಳೆಸಬೇಕೆಂಬ ಒತ್ತಡ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲು ಇದೂ ಒಂದು ಕಾರಣವಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಆ ಯುದ್ಧದಲ್ಲಿ ಸತ್ತ ಸೈನಿಕರು 6 ಲಕ್ಷಕ್ಕಿಂತ ಹೆಚ್ಚು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು.

ಜೈನಾಚಾರದಲ್ಲಿ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತಾರೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು. ಹೊಲದಲ್ಲಿ ಚಾವಟಿ ಬೀಸಿದವನು ಮೊದಲನೆಯವನು. ಅವನನ್ನು ನೇಮಿಸಿದ ಒಡೆಯ ಎರಡನೆಯವನು. ದೂರದಲ್ಲಿ ಕುಳಿತು ಆ ಹತ್ತಿಯ ಬಟ್ಟೆಯನ್ನು ನೇಯ್ದವರು, ಮಾರಿದವರು, ಉಟ್ಟವರು ಎಲ್ಲಿ ನಿಲ್ಲುತ್ತಾರೆ? ವ್ಯಾಪಾರವನ್ನೇ ವೃತ್ತಿಯಾಗಿ ಹೊಂದಿರುವ ಕುಟುಂಬಗಳು ಬಹಳವಾಗಿರುವ ಸಮಾಜದಲ್ಲಿ ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡುವುದು ಅವಶ್ಯ. ಸರಕು ಕೈಗೆ ಬರುವ ಮುನ್ನ ಯಾರ ಬೆವರು, ಯಾರ ಕಣ್ಣೀರು ಅದಕ್ಕೆ ತಾಗಿದೆಯೆಂದು ಕೇಳುವ ಅಭ್ಯಾಸವು ಇತಿಹಾಸದಿಂದ ಬರಬಹುದಾದ ಅಣುವ್ರತ.

ಮೈಸೂರಿನ ಒಂದು ಶಾಲೆ

ಅಮೆರಿಕದ ಇತಿಹಾಸವನ್ನು ಕನ್ನಡ ನಾಡಿನ ಮಕ್ಕಳಿಗೆ ಅತ್ಯಂತ ಸಂಕ್ಷಿಪ್ತವಾಗಿ, ಅತ್ಯಂತ ಆಳವಾಗಿ ಕಲಿಸಿದ ಪ್ರಸಂಗವೊಂದು ಮೈಸೂರಿನಲ್ಲಿ ನಡೆದಿದೆ. 1937ರ ಜನವರಿಯಲ್ಲಿ ಅಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವಿಶ್ವ ಸಮ್ಮೇಳನ ಸೇರಿತ್ತು. ಅಮೆರಿಕದಿಂದ ಬಂದ ಪ್ರತಿನಿಧಿಗಳಲ್ಲಿ ಬೆಂಜಮಿನ್ ಮೇಸ್ ಎಂಬ ಕರಿಯ ವಿದ್ವಾಂಸರೂ ಇದ್ದರು. ಅವರ ತಂದೆತಾಯಿಗಳು ಗುಲಾಮರಾಗಿ ಹುಟ್ಟಿದವರು. ಆಗ ಮೇಸ್ ಅವರು ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ವಿಭಾಗದ ಮುಖ್ಯಸ್ಥರು. ಆ ಪ್ರವಾಸದಲ್ಲಿಯೇ ಅವರು ಮಹಾತ್ಮಾ ಗಾಂಧೀಜಿಯವರನ್ನು ಕಂಡು ಅಹಿಂಸೆಯ ಕುರಿತು ಮಾತನಾಡಿದ್ದರು.

ಮೈಸೂರಿನಲ್ಲಿ, ಆಗ ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಮೇಸ್ ಅವರನ್ನು ಶಾಲೆಗೆ ಆಹ್ವಾನಿಸಿದರು. ಊಟೋಪಚಾರದ ಬಳಿಕ ಮಕ್ಕಳ ಮುಂದೆ ನಿಲ್ಲಿಸಿ ಅವರನ್ನು ಪರಿಚಯಿಸಿದ ಬಗೆ ವಿಚಿತ್ರವಾಗಿತ್ತು. ಇವರೂ ತಮ್ಮ ದೇಶದಲ್ಲಿ ಒಬ್ಬ ಅಸ್ಪೃಶ್ಯರು, ನೀವು ಇಲ್ಲಿ ಅನುಭವಿಸುವ ಅವಮಾನಗಳನ್ನೆಲ್ಲ ಇವರು ಅಲ್ಲಿ ಬಿಳಿಯರಿಂದ ಅನುಭವಿಸಿದ್ದಾರೆ, ಆದರೂ ಇಷ್ಟು ಎತ್ತರಕ್ಕೆ ಏರಿದ್ದಾರೆ, ನೀವೂ ಏರಬಲ್ಲಿರಿ ಎಂಬುದು ಆ ಪರಿಚಯದ ತಾತ್ಪರ್ಯ. ಆ ಮಾತು ಕೇಳಿದೊಡನೆ ಮೇಸ್ ಅವರಿಗೆ ಆಘಾತವಾಯಿತು, ಸಿಟ್ಟೂ ಬಂತು. ಆದರೆ ಕ್ಷಣ ಕಳೆಯುವಷ್ಟರಲ್ಲಿ ಅದು ನಿಜವೆಂದು ಅವರಿಗೆ ಹೊಳೆಯಿತು. ಸ್ವಂತ ದೇಶದಲ್ಲಿ ತಾನು ಅಸ್ಪೃಶ್ಯನೇ ಎಂಬುದನ್ನು ಹಿಂದೆಂದೂ ಇಷ್ಟು ಸ್ಪಷ್ಟವಾಗಿ ಅರಿತಿರಲಿಲ್ಲವೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಮುಖ್ಯೋಪಾಧ್ಯಾಯರು ಕಪ್ಪುಹಲಗೆಯ ಮೇಲೆ ಒಂದು ತಾರೀಖನ್ನೂ ಬರೆಯಲಿಲ್ಲ. ಆದರೆ ಅಮೆರಿಕದ ಮೂರು ನೂರು ವರ್ಷಗಳ ಒಂದು ಸತ್ಯವನ್ನು ಮೈಸೂರಿನ ಮಕ್ಕಳಿಗೂ, ಮೈಸೂರಿನ ಒಂದು ಸತ್ಯವನ್ನು ಅಮೆರಿಕದ ವಿದ್ವಾಂಸನಿಗೂ ಒಂದೇ ಮಾತಿನಲ್ಲಿ ತಿಳಿಸಿದರು. ಪರರ ಇತಿಹಾಸ ಕನ್ನಡಿಯಾಗುವುದು ಹೀಗೆ. ಗುಲಾಮಗಿರಿಯ ಪಾಠವನ್ನು ಕೇಳಿ ಅಮೆರಿಕದವರನ್ನು ಹಳಿಯುವ ಮಗು, ತನ್ನ ಊರಿನ ಬಾವಿಯಿಂದ ಒಂದು ಕಾಲದಲ್ಲಿ ಯಾರನ್ನು ದೂರವಿಟ್ಟಿದ್ದರು ಎಂದು ಕೇಳದಿದ್ದರೆ ಆ ಪಾಠ ವ್ಯರ್ಥ. ಆದಿಪುರಾಣವನ್ನು 941ರಲ್ಲಿ ರಚಿಸಿದ ಪಂಪನು ಮಾನವಕುಲದ ಏಕತೆಯನ್ನು ಸಾರಿದ ಜೈನ ಕವಿ. ಆ ಪರಂಪರೆಗೆ ವಾರಸುದಾರರಾದವರ ಮನೆಯ ಮಕ್ಕಳಿಗೆ ಈ ಪ್ರಶ್ನೆ ಹೊಸದಾಗಿ ಕಾಣಬೇಕಾಗಿಲ್ಲ.

ಸಾಗರದಾಚೆಯ ಋಣ

ಮೇಸ್ ಅವರು 1940ರಲ್ಲಿ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. 1944ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಆ ಕಾಲೇಜಿಗೆ ಸೇರಿದ. ಆತನೇ ಮಾರ್ಟಿನ್ ಲೂಥರ್ ಕಿಂಗ್. ಮೇಸ್ ಅವರನ್ನು ಕಿಂಗ್ ತಮ್ಮ ಗುರುವೆಂದು ಭಾವಿಸಿದ್ದರು. 1968ರಲ್ಲಿ ಕಿಂಗ್ ಹತರಾದಾಗ ಅಂತಿಮ ನುಡಿಗಳನ್ನಾಡಿದವರು ಮೇಸ್ ಅವರೇ. ಗಾಂಧೀಜಿಯವರ ಮಾರ್ಗವನ್ನು ಅರಿಯಲು 1959ರಲ್ಲಿ ಕಿಂಗ್ ಭಾರತಕ್ಕೆ ಯಾತ್ರಿಕರಂತೆ ಬಂದರು. ಆ ಪ್ರವಾಸದಲ್ಲಿ ಬೆಂಗಳೂರಿಗೂ ಬಂದಿದ್ದರು. ಗಾಂಧೀಜಿಯವರಾದರೋ ತಮ್ಮ ಬಾಳಿನ ಮೇಲೆ ಆಳವಾದ ಪ್ರಭಾವ ಬೀರಿದವರನ್ನು ಹೆಸರಿಸುವಾಗ ಟಾಲ್‌ಸ್ಟಾಯ್, ರಸ್ಕಿನ್ ಅವರ ಜೊತೆಗೆ ಜೈನ ಸಾಧಕರಾದ ಶ್ರೀಮದ್ ರಾಜಚಂದ್ರರನ್ನು ನೆನೆದಿದ್ದಾರೆ. ಗಾಂಧೀಜಿ ಓದಿ ಮೆಚ್ಚಿದವರಲ್ಲಿ ಅಮೆರಿಕದ ಥೋರೋ ಕೂಡ ಒಬ್ಬ. ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತೆರಿಗೆ ಕೊಡೆನೆಂದು 1846ರಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದವನು. ಹೀಗೆ ಅಹಿಂಸೆಯ ವಿಚಾರ ಸಾಗರವನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ದಾಟಿದೆ.

ಇಂದು ಅನೇಕ ಜೈನ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಆ ಬಾಗಿಲು ಎಂದೆಂದಿಗೂ ತೆರೆದಿದ್ದುದಲ್ಲ. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜಿ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದಾಗ ಸಭೆ ಆದರದಿಂದ ಕೇಳಿತು. ಆದರೆ 1917ರ ಕಾಯಿದೆ ಭಾರತೀಯರ ವಲಸೆಗೆ ತಡೆ ಹಾಕಿತು. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಬಿಳಿಯರಲ್ಲವಾದುದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರಲ್ಲಿ ಬಾಗಿಲು ತುಸು ತೆರೆದು, ವರ್ಷಕ್ಕೆ ಸುಮಾರು 100 ಭಾರತೀಯರಿಗೆ ಮಾತ್ರ ಅವಕಾಶವಾಯಿತು. ರಾಷ್ಟ್ರಮೂಲದ ಆಧಾರದ ಮೇಲಿನ ಈ ಭೇದವನ್ನು ತೆಗೆದುಹಾಕಿದ್ದು 1965ರ ವಲಸೆ ಕಾಯಿದೆ. ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯಿದೆ, ಅದೇ ವರ್ಷ ಮತದಾನ ಹಕ್ಕಿನ ಕಾಯಿದೆ. ಕರಿಯರ ಅಹಿಂಸಾತ್ಮಕ ಹೋರಾಟ ದೇಶದ ಅಂತಃಕರಣವನ್ನು ಕಲಕಿದ ಆ ಕಾಲದಲ್ಲಿಯೇ ಈ ಮೂರನೆಯದೂ ಸಾಧ್ಯವಾಯಿತು. ಲಾಠಿಯ ಏಟು ತಿಂದು, ಸೆರೆಮನೆ ಸೇರಿ, ಕೈ ಎತ್ತದೆ ನಿಂತವರು ತೆರೆಸಿದ ದಾರಿಯಲ್ಲಿ ಇಂದಿನ ಎಂಜಿನಿಯರುಗಳೂ ವೈದ್ಯರೂ ನಡೆದುಹೋಗಿದ್ದಾರೆ. ಈ ಋಣವನ್ನು ತಿಳಿಯದ ಮಗು ಅಮೆರಿಕಕ್ಕೆ ಹೋದರೆ, ಅಲ್ಲಿಯ ಕರಿಯರನ್ನು ಕೀಳಾಗಿ ಕಾಣುವ ಅಭ್ಯಾಸವನ್ನು ಅರಿಯದೆಯೇ ಕಲಿಯುವ ಅಪಾಯವಿದೆ. ಋಣವನ್ನು ತಿಳಿದ ಮಗು ಹಾಗೆ ಮಾಡಲಾರದು.

ಇತಿಹಾಸವೆಂಬ ಪ್ರತಿಕ್ರಮಣ

ಶ್ರಾವಕನ ನಿತ್ಯಕರ್ಮದಲ್ಲಿ ಆಲೋಚನಾ, ಪ್ರತಿಕ್ರಮಣ, ಪ್ರತ್ಯಾಖ್ಯಾನಗಳಿಗೆ ಸ್ಥಾನವಿದೆ. ಆದ ತಪ್ಪನ್ನು ಮುಚ್ಚದೆ ಹೇಳಿಕೊಳ್ಳುವುದು, ಅದರಿಂದ ಹಿಂದಿರುಗುವುದು, ಮುಂದೆ ಮಾಡೆನೆಂದು ಸಂಕಲ್ಪಿಸುವುದು. ವ್ಯಕ್ತಿಗಿರುವ ಈ ಧರ್ಮ ರಾಷ್ಟ್ರಕ್ಕೂ ಇರಬಾರದೇಕೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಯಾವ ಅಪರಾಧವೂ ಇಲ್ಲದೆ ಶಿಬಿರಗಳಲ್ಲಿ ಕೂಡಿಹಾಕಿತು. 1988ರಲ್ಲಿ ಕಾನೂನಿನ ಮೂಲಕವೇ ಕ್ಷಮೆ ಕೇಳಿ, ಬದುಕಿ ಉಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಿತು. ಗುಲಾಮಗಿರಿಗಾಗಿ ಅಲ್ಲಿಯ ಪ್ರತಿನಿಧಿ ಸಭೆ 2008ರಲ್ಲಿಯೂ ಸೆನೆಟ್ 2009ರಲ್ಲಿಯೂ ಕ್ಷಮಾಯಾಚನೆಯ ನಿರ್ಣಯಗಳನ್ನು ಅಂಗೀಕರಿಸಿದವು. ನಿರ್ಣಯದಿಂದ ಸತ್ತವರು ಮರಳುವುದಿಲ್ಲ. ಆದರೂ ತಪ್ಪನ್ನು ತಪ್ಪೆಂದು ದಾಖಲಿಸುವುದೇ ಮೊದಲ ಹೆಜ್ಜೆ.

ಬಸದಿಗಳ ಆಶ್ರಯದಲ್ಲಿ ನಡೆಯುವ ಪಾಠಶಾಲೆಗಳಲ್ಲಿ, ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿ ಇದಕ್ಕಾಗಿ ಕೆಲವು ಗಂಟೆಗಳನ್ನು ಮೀಸಲಿಡುವುದು ಟ್ರಸ್ಟುಗಳಿಗೆ ಭಾರವಾಗಲಾರದು. ಗೋಡೆಯ ಮೇಲೆ ಒಂದು ಪ್ರಪಂಚದ ನಕ್ಷೆ, ಅದರ ಕೆಳಗೆ ಎರಡು ಸಾಲುಗಳಲ್ಲಿ ಇಸವಿಗಳು: ಮೇಲಿನ ಸಾಲಿನಲ್ಲಿ ಅಮೆರಿಕದವು, ಕೆಳಗಿನ ಸಾಲಿನಲ್ಲಿ ಕರ್ನಾಟಕದವು. ಪ್ರತಿ ಘಟನೆಗೂ ಮೂರು ಪ್ರಶ್ನೆಗಳು: ಇದರಿಂದ ಲಾಭವಾದದ್ದು ಯಾರಿಗೆ? ನೋವಾದದ್ದು ಯಾರಿಗೆ? ಯಾರ ಮಾತು ದಾಖಲೆಯಲ್ಲಿ ಉಳಿದಿಲ್ಲ? ಉತ್ತರಗಳನ್ನು ಮಕ್ಕಳೇ ಹುಡುಕಲಿ. ಅವರು ಪರಸ್ಪರ ಒಪ್ಪದಿದ್ದರೆ ಅದೂ ಒಳ್ಳೆಯದೇ.

ಟ್ರಸ್ಟುಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶೃಂಗೇರಿ ಮಠದಲ್ಲಿ ಹಳೆಯ ಕಾಗದಗಳು ಉಳಿದಿದ್ದುದರಿಂದಲೇ 1791ರ ಸಂಗತಿ 125 ವರ್ಷಗಳ ಬಳಿಕ ಬೆಳಕಿಗೆ ಬಂತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದುದರಿಂದಲೇ ಆ ಆಗಮಗಳು ಲೋಕಕ್ಕೆ ದೊರೆತವು. ಊರಿನ ಬಸದಿಯ ಹಳೆಯ ಕಡತಗಳನ್ನು, ಲೆಕ್ಕದ ಪುಸ್ತಕಗಳನ್ನು, ಶಾಸನಗಳ ಪಡಿಯಚ್ಚುಗಳನ್ನು ಗೆದ್ದಲಿಗೆ ಬಿಟ್ಟರೆ ಮುಂದಿನ ಪೀಳಿಗೆಗೆ ಸತ್ಯವನ್ನು ತಿಳಿಯುವ ಸಾಧನವೇ ಇಲ್ಲವಾಗುತ್ತದೆ. ಆಗ ಉಳಿಯುವುದು ಗಾಳಿಮಾತು ಮಾತ್ರ. ಗಾಳಿಮಾತಿನಿಂದ ಹುಟ್ಟುವುದು ದ್ವೇಷ ಮಾತ್ರ.

ಶೃಂಗೇರಿ ಪೇಟೆಯ ನಡುವೆ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಅದರ ಸಮೀಪದಲ್ಲಿಯೇ ಶಾರದಾಂಬೆಯ ದೇಗುಲವೂ ವಿದ್ಯಾಶಂಕರ ದೇವಾಲಯವೂ ಇವೆ. ತನ್ನ ಮೇಲೆ ಕಮಠನು ಮಾಡಿದ ಉಪಸರ್ಗವನ್ನೂ ಧರಣೇಂದ್ರನು ಮಾಡಿದ ಉಪಕಾರವನ್ನೂ ಸಮಭಾವದಿಂದ ಕಂಡವನು ಪಾರ್ಶ್ವನಾಥ ಸ್ವಾಮಿ. ಮೆಣಸೆಯಿಂದ ಶಾಲೆಯ ಮಕ್ಕಳನ್ನು ಕರೆತಂದು ಆ ಬಸದಿಯ ಜಗಲಿಯಲ್ಲಿ ಕೂರಿಸಿ, ಯಾರ್ಕ್‌ಟೌನಿನಿಂದ ಶೃಂಗೇರಿಯವರೆಗಿನ ಕಥೆಯನ್ನು ಹೇಳುವ ಶಿಕ್ಷಕರು ದೊರೆತರೆ ಅಮೆರಿಕದ ಇತಿಹಾಸ ಪರೀಕ್ಷೆಯ ಮರುದಿನ ಮರೆತುಹೋಗುವ ಪಾಠವಾಗಿ ಉಳಿಯುವುದಿಲ್ಲ. ಉಪಸರ್ಗವನ್ನು ಮರೆಯದೆ, ಆದರೆ ಅದನ್ನು ವೈರವಾಗಿ ಬೆಳೆಸದೆ ನೆನಪಿಡುವ ಬಗೆಯನ್ನು ಮಕ್ಕಳು ಅಲ್ಲಿಂದ ಮನೆಗೆ ಒಯ್ಯುತ್ತಾರೆ.